ಸಾಕುವ ಮೀನಿನ ಆಹಾರದಲ್ಲಿರುವ ತೇವದ ವಿಚಾರ
(ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ತಾಲ್ಲೂಕುಗಳಲ್ಲಿ ಹೊಂಡದ ಮೀನು ಸಾಕುವವರ ಉಪಯೋಗಕ್ಕಾಗಿ)

ನೀರಿನಲ್ಲಿಯೇ ಹುಟ್ಟಿ ನೀರಿನಲ್ಲಿಯೇ ಬೆಳೆಯುವ ಮೀನಿಗೆ ಆಹಾರವು ಒಣಗಿದ್ದರೇನು, ತೇವವಾಗಿದ್ದರೇನು ಎಂದು ಹೊಂಡದಲ್ಲಿ ಮೀನು ಸಾಕುವ ಒಕ್ಕಲಿಗರು ಕೇಳುವುದುಂಟು. ಹೇಗಿದ್ದರೂ ನೀರಿಗೆ ಬಿದ್ದ ಕೂಡಲೆ ಅದು ನೆನೆಯುವುದಷ್ಟೆ ಎಂಬುದು ಅವರ ವಾದ. ಕೇಳುವುದಕ್ಕೆ ಇದು ಸರಿಯಾಗಿಯೇ ತೋರುವುದು. ಆದರೆ ಆಹಾರವು ನೀರಿಗೆ ಬಿದ್ದ ಮೇಲೆ ನೆನೆಯುವುದು ಬೇರೆ, ಚೀಲದಲ್ಲಿದ್ದಾಗಲೇ ತೇವವನ್ನು ಹಿಡಿದಿರುವುದು ಬೇರೆ. ಮೊದಲನೆಯದರಿಂದ ಕೆಡುಕೇನೂ ಇಲ್ಲ. ಎರಡನೆಯದರಿಂದ ಒಕ್ಕಲಿಗನು ಹಿಂಡಿಯ ಬೆಲೆಯನ್ನು ಕೊಟ್ಟು ನೀರನ್ನು ಕೊಂಡಂತಾಗುವುದಲ್ಲದೆ, ಆ ತೇವದಲ್ಲಿ ಹುಟ್ಟುವ ಬೂಷ್ಟು ಮೀನಿನ ಯಕೃತ್ತನ್ನು ಕೆಡಿಸಿ, ರೋಗವನ್ನು ತಡೆಯುವ ಅದರ ಶಕ್ತಿಯನ್ನು ಮೆಲ್ಲಮೆಲ್ಲನೆ ಕುಗ್ಗಿಸುವುದು. ಮಳೆಗಾಲದಲ್ಲಿ ಮುಗ್ಗಿದ ಆಹಾರವನ್ನು ತಿಂದ ಮೀನು ಅನೇಕ ವೇಳೆ ಚಳಿಗಾಲದಲ್ಲಿ ಸಾಯುವುದು. ಆಗ ದೂರೆಲ್ಲ ಹೊಂಡದ ನೀರಿನ ಮೇಲೆ ಬರುವುದು. ಈ ಸಂಬಂಧವು ಕಣ್ಣಿಗೆ ನೇರವಾಗಿ ಕಾಣದಿರುವುದರಿಂದಲೇ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ.

ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಮಳೆ ಕಡಿಮೆಯಾದ ಸೀಮೆಗೆ ಸೇರಿದ್ದರೂ ನೀರಿಗೆ ಪೂರ್ಣವಾಗಿ ಎರವಾದುವಲ್ಲ. ಘಟಪ್ರಭೆಯು ಬಾಗಲಕೋಟೆಯ ಮಗ್ಗುಲಲ್ಲಿ ಹರಿದು ಕೃಷ್ಣೆಯನ್ನು ಸೇರುವುದು. ಮಲಪ್ರಭೆಯು ಬಾದಾಮಿ ತಾಲ್ಲೂಕಿನಲ್ಲಿ ಪಟ್ಟದಕಲ್ಲನ್ನು ಹಾಯ್ದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಅದೇ ಕೃಷ್ಣೆಯೊಡನೆ ಕೂಡುವುದು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಮುಳುಗಿಸಿ ಜನರನ್ನು ನವನಗರಕ್ಕೆ ಎಬ್ಬಿಸಿತು. ಅದೇ ಹಿನ್ನೀರು ಈಗ ಅನೇಕ ಮೀನುಗಾರರ ಜೀವನಕ್ಕೆ ಆಧಾರವಾಗಿದೆ. ಆದರೆ ಅಂಥ ವಿಶಾಲವಾದ ನೀರಿನಲ್ಲಿ ಬಿಟ್ಟ ಮೀನು ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುವುದು. ಈ ಕರಪತ್ರವು ಸಂಬಂಧಿಸಿರುವುದು ಹೊಲದಲ್ಲಿ ತೋಡಿದ ಹೊಂಡಗಳಿಗೆ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆಯು ಆರಂಭವಾದಂದಿನಿಂದ ಒಣ ಬೇಸಾಯದ ತಾಲ್ಲೂಕುಗಳಲ್ಲಿ ಇಂಥ ಹೊಂಡಗಳು ಬಹಳವಾಗಿ ಆಗಿವೆ. ನೀರು ಇಂಗದಿರಲೆಂದು ಅವುಗಳ ತಳಕ್ಕೂ ಅಂಚಿಗೂ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರುತ್ತಾರೆ.

ಈ ಹಾಳೆಯು ನೀರನ್ನು ಉಳಿಸುವುದು ನಿಜ. ಮೀನಿನ ಪಾಲಿಗೆ ಮಾತ್ರ ಅದು ಬರಿಯ ನೆಲ. ಮಣ್ಣಿನ ತಳವಿರುವ ಕೆರೆಯಲ್ಲಿ ಸಗಣಿಗೊಬ್ಬರದ ಸಾರದಿಂದ ಹಸಿರು ಪಾಚಿಯ ಕಣಗಳೂ, ಅವನ್ನು ತಿನ್ನುವ ಸೂಕ್ಷ್ಮ ಜೀವಿಗಳೂ, ಕೆಸರಿನಲ್ಲಿ ಹುಳಗಳೂ ಹುಟ್ಟಿ ಮೀನಿನ ಹೊಟ್ಟೆಯನ್ನು ಅರ್ಧಕ್ಕರ್ಧ ತುಂಬಿಸುವುವು. ಕಾಟ್ಲಾ ಮೀನು ಮೇಲಿನ ನೀರಿನಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳು ತಳದಲ್ಲಿಯೂ ಮೇಯುವುವೆಂಬುದು ಸಾಕುವವರಿಗೆ ತಿಳಿದ ವಿಷಯ. ಹಾಳೆ ಹಾಸಿದ ಹೊಂಡದ ತಳದಲ್ಲಿ ಮೇಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಆದುದರಿಂದ ಒಕ್ಕಲಿಗನ ಕೈಯಿಂದ ಬಿದ್ದುದೇ ಅದರ ಊಟ. ಅದು ಕೆಟ್ಟದಾಗಿದ್ದರೆ ಬೇರೆ ಕಡೆ ಮೇಯ್ದು ಆ ಕೊರತೆಯನ್ನು ತುಂಬಿಕೊಳ್ಳುವ ದಾರಿ ಮೀನಿಗಿಲ್ಲ.

ಒಣಗಿದ ತೂಕವೇ ನಿಜವಾದ ತೂಕ

ಒಣಗಿದೆಯೆಂದು ನಾವು ತಿಳಿಯುವ ಯಾವ ಧಾನ್ಯವಾಗಲಿ ಹಿಂಡಿಯಾಗಲಿ ಪೂರ್ಣವಾಗಿ ಒಣಗಿರುವುದಿಲ್ಲ. ಚೆನ್ನಾಗಿ ಒಣಗಿದ ಶೇಂಗಾ ಹಿಂಡಿಯಲ್ಲಿಯೂ ನೂರು ಪಾಲಿಗೆ ಹತ್ತರ ಸುಮಾರು ನೀರಿರುವುದು. ಕಾರ್ಖಾನೆಯಲ್ಲಿ ಮಾಡಿದ ಗುಳಿಗೆಗಳಲ್ಲಿಯೂ ಅಷ್ಟೇ. ಕೈಯಲ್ಲಿ ಕಲಸಿದ ಹಿಂಡಿ ತೌಡಿನ ಮುದ್ದೆಯಲ್ಲಿ ನೂರಕ್ಕೆ ನಲವತ್ತು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ನೀರಿರಬಹುದು. ಹಸಿ ಮೀನಿನ ಚೂರು, ಕೋಳಿಯ ಕರುಳು ಮೊದಲಾದುವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೇಲೆ ನೀರೇ. ಮೀನಿನ ಮೈಯನ್ನು ಬೆಳೆಸುವ ಪ್ರೋಟೀನು, ಜಿಡ್ಡು, ಹಿಟ್ಟಿನಂಶ, ಲವಣ, ಜೀವಸತ್ತ್ವ ಇವೆಲ್ಲವೂ ಉಳಿದ ಒಣ ಭಾಗದಲ್ಲಿಯೇ ಇರುವುವು. ಆಹಾರದೊಳಗಿನ ನೀರು ಮೀನಿಗೆ ಬೆಳವಣಿಗೆಯನ್ನು ಕೊಡುವುದಿಲ್ಲ.

ಇದರಿಂದಾಗುವ ಮೋಸವನ್ನು ಒಂದು ಲೆಕ್ಕದಿಂದ ತೋರಿಸಬಹುದು. 21 ಮೀಟರು ಉದ್ದ, ಅಷ್ಟೇ ಅಗಲದ ಒಂದು ಹೊಂಡದಲ್ಲಿ 300 ಮೀನುಗಳಿವೆಯೆಂದೂ, ಒಂದೊಂದು 200 ಗ್ರಾಂ ತೂಗುವುದೆಂದೂ ಇಟ್ಟುಕೊಳ್ಳೋಣ. ಒಟ್ಟು ಮೀನಿನ ತೂಕ 60 ಕಿಲೋ ಆಯಿತು. ಈ ವಯಸ್ಸಿನಲ್ಲಿ ದಿನಕ್ಕೆ ಮೈತೂಕದ ನೂರಕ್ಕೆ ಮೂರು ಪಾಲು ಆಹಾರವೆಂದು ಹಿಡಿದರೆ 1.8 ಕಿಲೋ ಹಾಕಬೇಕು. ಹತ್ತು ಪಾಲು ತೇವವಿರುವ ಒಣ ಆಹಾರವನ್ನು 1.8 ಕಿಲೋ ತೂಗಿ ಹಾಕಿದರೆ ಮೀನಿಗೆ 1.62 ಕಿಲೋ ಒಣ ಪದಾರ್ಥ ದೊರೆಯುವುದು. ಅದನ್ನೇ ಮೊದಲು ನೀರು ಹಾಕಿ ಕಲಸಿ, ನಲವತ್ತು ಪಾಲು ತೇವದ ಮುದ್ದೆಯನ್ನು ಮಾಡಿ, ಆ ಮೇಲೆ 1.8 ಕಿಲೋ ತೂಗಿದರೆ ದೊರೆಯುವುದು 1.08 ಕಿಲೋ ಮಾತ್ರ. ಮೂರರಲ್ಲೊಂದು ಪಾಲು ಊಟ ಕಡಿಮೆಯಾಯಿತು. ಒಕ್ಕಲಿಗನು ತಾನು ದಿನವೂ ತಪ್ಪದೆ ತೂಗಿ ಹಾಕುತ್ತಿರುವೆನೆಂದೇ ನಂಬಿರುವನು. ಮೀನುಗಳು ಮಾತ್ರ ಉದ್ದವಾಗಿ, ತಲೆ ದಪ್ಪ ಬೆನ್ನು ತೆಳುವಾಗಿ ಉಳಿಯುವುವು. ಆದುದರಿಂದ ತೂಗುವುದನ್ನು ಯಾವಾಗಲೂ ನೆನೆಸುವುದಕ್ಕೆ ಮೊದಲು ಮಾಡತಕ್ಕದ್ದು. ನೆನೆಸಿದ ಮೇಲೆ ತೂಗುವುದು ಅನಿವಾರ್ಯವಾದರೆ ಮೇಲಿನ ಹೊಂಡಕ್ಕೆ 1.8 ಕಿಲೋ ಬದಲು 2.7 ಕಿಲೋ ಮುದ್ದೆ ಬೇಕಾಗುವುದು.

ಕೊಳ್ಳುವಾಗಲೂ ಇದೇ ಲೆಕ್ಕ. ಹತ್ತು ಪಾಲು ತೇವದ ಹಿಂಡಿಯ ನೂರು ಕಿಲೋದಲ್ಲಿ ತೊಂಬತ್ತು ಕಿಲೋ ಸರಕಿದೆ. ಹದಿನಾರು ಪಾಲು ತೇವದ್ದರಲ್ಲಿ ಎಂಬತ್ತನಾಲ್ಕು. ಹಿಂಡಿಯು ಹಸಿಯಾಗಿದೆಯೆಂದು ವ್ಯಾಪಾರಿ ಬೆಲೆಯನ್ನು ಸ್ವಲ್ಪ ಇಳಿಸಿ ಕೊಟ್ಟರೆ ಆ ಆರು ಕಿಲೋ ನೀರಿನ ನಷ್ಟವೇನೋ ಸರಿಹೋದೀತು. ಆದರೆ ಹಸಿಯ ಹಿಂಡಿಯೊಡನೆ ಬರುವ ಇನ್ನೊಂದು ವಸ್ತುವಿಗೆ ಸೋಡಿ ಇಲ್ಲ. ಅದೇ ಬೂಷ್ಟು.

ಬೂಷ್ಟು ಹುಟ್ಟುವ ಬಗೆ

ನಮ್ಮ ಸೀಮೆಯ ತಾಯಂದಿರಿಗೆ ಈ ವಿಷಯವನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವಿಲ್ಲ. ಬಿಸಿ ಜೋಳದ ರೊಟ್ಟಿಯನ್ನು ಮುಚ್ಚಿಟ್ಟರೆ ಎರಡು ಮೂರು ದಿನಗಳಲ್ಲಿ ಬೂಷ್ಟು ಹಿಡಿಯುವುದು. ಅದೇ ಹಿಟ್ಟು, ಅದೇ ಕೈ, ಅದೇ ಹಂಚಿನ ಕಟಕ ರೊಟ್ಟಿಯು ವಾರಗಟ್ಟಲೆ ಕೆಡದೆ ಇರುವುದು. ಇವೆರಡಕ್ಕೂ ತೇವವೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ಕಟಕ ರೊಟ್ಟಿಯಾದರೂ ಜಿಟಿಜಿಟಿ ಮಳೆಯ ದಿನಗಳಲ್ಲಿ ತೆರೆದಿಟ್ಟರೆ ಮುರಿಯುವ ಗುಣವನ್ನು ಕಳೆದುಕೊಂಡು ಮೆತ್ತಗಾಗುವುದನ್ನು ಎಲ್ಲರೂ ನೋಡಿರುವರು. ಅದು ಗಾಳಿಯೊಳಗಿನ ತೇವವನ್ನು ಹೀರಿಕೊಂಡಿರುವುದು. ಮೀನಿನ ಆಹಾರವೂ ಹಾಗೆಯೇ ಮಾಡುವುದು.

ಗಾಳಿಯ ತೇವವು ನೂರಕ್ಕೆ ಎಪ್ಪತ್ತನ್ನು ಮೀರಿ ದಿನಗಟ್ಟಲೆ ನಿಂತರೆ, ಹತ್ತು ಪಾಲು ತೇವವಿದ್ದ ಹಿಂಡಿ ತೌಡುಗಳು ತಾವಾಗಿಯೇ ಹದಿಮೂರು ಹದಿನಾಲ್ಕು ಪಾಲಿಗೆ ಏರುವುವು. ಐವತ್ತು ಕಿಲೋ ಚೀಲವು ಹತ್ತು ಪಾಲಿನಿಂದ ಹದಿನಾಲ್ಕು ಪಾಲಿಗೆ ಏರಿದರೆ ಸುಮಾರು 52.3 ಕಿಲೋ ತೂಗುವುದು. ಚೀಲ ಭಾರವಾಯಿತೆಂದು ಸಂತೋಷಪಡುವವರು ಇದನ್ನು ಗಮನಿಸಬೇಕು. ಹನ್ನೆರಡು ಪಾಲಿಗಿಂತ ಕೆಳಗಿರುವ ತನಕ ಬೂಷ್ಟಿನ ಬೀಜಕಣಗಳು ಆಹಾರದಲ್ಲಿದ್ದರೂ ಮೊಳೆಯಲಾರವು; ಹದಿಮೂರು ಹದಿನಾಲ್ಕನ್ನು ದಾಟಿದ ಮೇಲೆ ಅವು ಮೊಳೆತು ಹಬ್ಬುವುವು. ಹಬ್ಬುವಾಗ ಅವು ಉಸಿರಾಡಿ ಶಾಖವನ್ನೂ ನೀರನ್ನೂ ಹೊರಬಿಡುವುದರಿಂದ ತೇವವು ಇನ್ನಷ್ಟು ಏರುವುದು. ಮುಗ್ಗಿದ ಚೀಲದೊಳಗೆ ಕೈಯಿಟ್ಟರೆ ಬೆಚ್ಚಗಿರುವುದು ಇದೇ ಕಾರಣದಿಂದ.

ನಮ್ಮ ಜಿಲ್ಲೆಯ ಋತುಮಾನವು ಈ ವಿಷಯದಲ್ಲಿ ಮೋಸಗೊಳಿಸುವಂಥದು. ಮಾರ್ಚಿನಿಂದ ಮೇ ವರೆಗೆ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟುವುದು, ಗಾಳಿ ಒಣಗಿರುವುದು. ಆಗ ಆಹಾರವನ್ನು ಹೇಗಿಟ್ಟರೂ ಬೂಷ್ಟಿನ ಭಯ ಕಡಿಮೆ. ಈ ಅನುಭವದ ಮೇಲೆ ಜನರು ವರ್ಷವಿಡೀ ಹಾಗೆಯೇ ಇಡುತ್ತಾರೆ. ಆದರೆ ಹೊಂಡಕ್ಕೆ ನೀರು ಬರುವುದು ಮಳೆಗಾಲದಲ್ಲಿ, ಮರಿ ಬಿಡುವುದೂ ಆಗಲೇ, ಆಹಾರವನ್ನು ಕೊಂಡು ತುಂಬಿಡುವುದೂ ಆಗಲೇ. ಸೆಪ್ಟೆಂಬರಿನಲ್ಲಿ ನಮಗೆ ಮಳೆ ಹೆಚ್ಚು. ಹೀಗಾಗಿ ಮೀನು ಎಲ್ಲಕ್ಕಿಂತ ವೇಗವಾಗಿ ಬೆಳೆಯಬೇಕಾದ ತಿಂಗಳುಗಳೂ, ಆಹಾರವು ಎಲ್ಲಕ್ಕಿಂತ ಬೇಗ ಕೆಡುವ ತಿಂಗಳುಗಳೂ ಒಂದೇ ಆಗಿರುವುವು.

ಚೀಲದ ಸರಾಸರಿ ತೇವವು ಹನ್ನೊಂದೇ ಇದ್ದರೂ ಒಂದು ಮೂಲೆಯಲ್ಲಿ ಹದಿನೆಂಟು ಇರಬಹುದು. ತಗಡಿನ ಮಾಡಿನ ಕೋಣೆಯಲ್ಲಿ ಹಗಲು ಕಾದ ಆಹಾರದಿಂದ ಎದ್ದ ಆವಿಯು ರಾತ್ರಿ ತಣ್ಣಗಾದ ಕಡೆಗೆ ಸರಿದು ಅಲ್ಲಿ ನೀರಾಗುವುದು. ನಮ್ಮ ಮನೆಗಳ ಹಾಸುಗಲ್ಲಿನ ನೆಲವೂ ಕಲ್ಲಿನ ಗೋಡೆಯೂ ತಣ್ಣಗಿರುವುದರಿಂದ, ಅವಕ್ಕೆ ತಾಗಿದ ಮಗ್ಗುಲಿನಲ್ಲಿಯೇ ಬೂಷ್ಟು ಮೊದಲು ಕಾಣುವುದು. ಹಗೇವಿನಲ್ಲಿ ಜೋಳವನ್ನಿಟ್ಟ ಹಿರಿಯರಿಗೆ ಇದು ಗೊತ್ತಿತ್ತು. ನಡುವಿನ ಕಾಳು ಚೆನ್ನಾಗಿದ್ದರೂ ಗೋಡೆಯ ಸುತ್ತಿನ ಕಾಳು ಮುಗ್ಗುವುದೆಂದು ತಿಳಿದೇ ಅವರು ಸುತ್ತಲೂ ಹುಲ್ಲನ್ನು ಒತ್ತಾಗಿ ಕಟ್ಟುತ್ತಿದ್ದರು. ಹಿಂಡಿಯ ಚೀಲಕ್ಕೆ ಅಷ್ಟು ಮರ್ಯಾದೆಯನ್ನು ನಾವು ಕೊಡುತ್ತಿಲ್ಲ.

ಮೀನಿನ ಮೈಯಲ್ಲಿ ಆಗುವುದೇನು

ಬೂಷ್ಟುಗಳೆಲ್ಲ ಒಂದೇ ಬಗೆಯವಲ್ಲ. ಶೇಂಗಾ, ಹತ್ತಿಕಾಳು, ಗೋವಿನಜೋಳ ಇವುಗಳ ಮೇಲೆ ಬೆಳೆಯುವ ಹಳದಿ ಹಸಿರು ಬಣ್ಣದ ಆಸ್ಪರ್ಜಿಲಸ್ ಫ್ಲೇವಸ್ ಎಂಬುದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುವುದು. ನಮ್ಮ ಹವೆಯ ಶಾಖವು ಅದಕ್ಕೆ ಬಹಳ ಅನುಕೂಲ. ಈ ವಿಷದ ಇತಿಹಾಸವು ಶೇಂಗಾ ಹಿಂಡಿಯಿಂದಲೇ ಆರಂಭವಾದುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು. ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟಿನ ವಿಷವಿದ್ದುದು ಆಮೇಲೆ ಗೊತ್ತಾಯಿತು. ಅದೇ ಕಾಲದಲ್ಲಿ ಅಮೇರಿಕದ ಮೀನುಮರಿ ಕೇಂದ್ರಗಳಲ್ಲಿ ಸಾಕಿದ ಟ್ರೌಟ್ ಮೀನುಗಳ ಯಕೃತ್ತಿನಲ್ಲಿ ಗಡ್ಡೆಗಳು ಕಾಣಿಸಿಕೊಂಡುವು. ಅಲ್ಲಿಯ ಅಪರಾಧಿ ಆಹಾರದಲ್ಲಿ ಸೇರಿದ್ದ ಹತ್ತಿಕಾಳಿನ ಹಿಂಡಿ. ಹಿಂಡಿಯು ಸ್ವತಃ ಕೆಟ್ಟ ಆಹಾರವಲ್ಲ, ಬೂಷ್ಟು ಹಿಡಿದ ಹಿಂಡಿ ಕೆಟ್ಟದು ಎಂಬುದನ್ನು ಇಲ್ಲಿ ಮರೆಯಬಾರದು.

ನಮ್ಮ ಗೆಂಡೆ ಜಾತಿಯ ಮೀನುಗಳು ಟ್ರೌಟಿನಷ್ಟು ಸೂಕ್ಷ್ಮವಾದುವಲ್ಲ. ಸ್ವಲ್ಪ ವಿಷ ಸೇರಿದ ಮಾತ್ರಕ್ಕೆ ಅವು ಕೂಡಲೆ ತೇಲಿ ಸಾಯುವುದಿಲ್ಲ. ಇದು ಸಮಾಧಾನದ ಮಾತಾಗಿ ಕಂಡರೂ ನಿಜವಾಗಿ ಅಪಾಯದ ಮೂಲ ಇದೇ. ಸತ್ತಿದ್ದರೆ ಒಕ್ಕಲಿಗನು ಆ ಹಿಂಡಿಯನ್ನು ಅಂದೇ ನಿಲ್ಲಿಸುತ್ತಿದ್ದನು. ಸಾಯದೆ ಇರುವುದರಿಂದ ಚೀಲ ಮುಗಿಯುವ ತನಕ ಹಾಕುತ್ತಾನೆ. ಯಕೃತ್ತು ಬಣ್ಣಗೆಟ್ಟು ಹಳದಿಯಾಗುವುದು, ಹಸಿವು ಇಂಗುವುದು, ರಕ್ತ ಕಡಿಮೆಯಾಗಿ ಕಿವಿರು ಬಿಳಚಿಕೊಳ್ಳುವುದು; ಒಂದೇ ದಿನ ಬಿಟ್ಟ ಮರಿಗಳಲ್ಲಿ ಕೆಲವು ದೊಡ್ಡವಾಗಿ ಕೆಲವು ಗಿಡ್ಡಾಗಿಯೇ ಉಳಿಯುವುವು. ಭುವನೇಶ್ವರದ ಹತ್ತಿರ ಕೌಸಲ್ಯಾಗಂಗದಲ್ಲಿರುವ ಕೇಂದ್ರ ಸಿಹಿನೀರು ಮೀನುಸಾಕಣೆ ಸಂಸ್ಥೆಯ ವಿಜ್ಞಾನಿಗಳು ರೋಹು ಮೀನುಗಳ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ವಿಷವು ಮೈಗೆ ಸೇರಿದ ಮೀನುಗಳ ರೋಗನಿರೋಧ ಶಕ್ತಿಯು ಕುಗ್ಗುವುದೆಂದು ಕಂಡುಬಂದಿದೆ.

ರೋಗನಿರೋಧವೆಂಬುದು ಏನೆಂದು ಎರಡು ಮಾತು ಹೇಳಬೇಕು. ಮೀನಿನ ಮೊದಲ ಕೋಟೆ ಅದರ ಮೈಮೇಲಿನ ಲೋಳೆ ಮತ್ತು ಹುರುಪೆ. ಎರಡನೆಯದು ರಕ್ತದಲ್ಲಿಯ ಬಿಳಿಯ ಕಣಗಳೂ, ರೋಗದ ಕ್ರಿಮಿಗಳನ್ನು ಕೊಲ್ಲುವ ದ್ರವ್ಯಗಳೂ. ಇವೆಲ್ಲವನ್ನೂ ಮೀನು ತಾನು ತಿಂದ ಪ್ರೋಟೀನು ಜೀವಸತ್ತ್ವಗಳಿಂದಲೇ ಕಟ್ಟಬೇಕು. ಏರೋಮೊನಾಸ್ ಎಂಬ ಕ್ರಿಮಿಯು ಎಲ್ಲ ಹೊಂಡಗಳ ನೀರಿನಲ್ಲಿಯೂ ಇರತಕ್ಕದ್ದೇ. ಗಟ್ಟಿಮುಟ್ಟಾದ ಮೀನಿಗೆ ಅದು ಏನೂ ಮಾಡಲಾರದು. ಸೊರಗಿದ ಮೀನಿನಲ್ಲಿ ಅದೇ ಕ್ರಿಮಿಯು ಮೈಮೇಲೆ ಕೆಂಪು ಕಲೆಗಳನ್ನೂ ಹೊಟ್ಟೆ ಉಬ್ಬರವನ್ನೂ ತರುವುದು. ಮೀನುಹೇನು ಕಚ್ಚಿದ ಗಾಯವು ಚೆನ್ನಾಗಿ ತಿಂದ ಮೀನಿನಲ್ಲಿ ಮಾಯುವುದು. ತಿನ್ನದ ಮೀನಿನಲ್ಲಿ ಹುಣ್ಣಾಗುವುದು. ಡಿಸೆಂಬರು ಜನವರಿಗಳಲ್ಲಿ ನೀರು ತಣ್ಣಗಾದಾಗ ಮೀನಿನ ಮೈಯ ಕೆಲಸಗಳೆಲ್ಲ ನಿಧಾನವಾಗುವುವು, ಮಾರ್ಚಿನಲ್ಲಿ ಹೊಂಡದ ನೀರು ಇಳಿದು ಮೀನು ಒತ್ತೊತ್ತಾಗುವುವು. ಆ ಎರಡು ಇಕ್ಕಟ್ಟುಗಳನ್ನು ದಾಟುವ ಬಲವನ್ನು ಅವು ಆಗಸ್ಟಿನಿಂದ ನವೆಂಬರಿನೊಳಗೆ ಗಳಿಸಿಕೊಂಡಿರಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸುವುದು ಅವಶ್ಯ. ಮೀನಿನ ಮೈಮೇಲೆ ಹತ್ತಿಯ ಹಾಗೆ ಬೆಳೆಯುವ ಬಿಳಿಯ ನೂಲುಗಳೂ, 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ಮುಂದೆ ಹಲವು ಪ್ರಾಂತಗಳಿಗೆ ಹಬ್ಬಿದ ಹುಣ್ಣಿನ ರೋಗವೂ ನೀರಿನಲ್ಲಿರುವ ಬೇರೆ ಜಾತಿಯ ಬೂಷ್ಟುಗಳಿಂದ ಬರುವಂಥವು. ಹಿಂಡಿಯ ಬೂಷ್ಟು ಮೀನಿನ ಮೈಮೇಲೆ ಬೆಳೆಯುವುದಿಲ್ಲ. ಅದು ಮಾಡುವ ಕೆಲಸ ಬಾಗಿಲನ್ನು ತೆರೆದಿಡುವುದು. ಒಳಗೆ ಬರುವವರು ಬೇರೆ.

ವಿಷವಿಲ್ಲದ ಬೂಷ್ಟಿನಿಂದಲೂ, ಬೂಷ್ಟೇ ಹಿಡಿಯದ ಬರಿಯ ತೇವ ಶಾಖಗಳಿಂದಲೂ ನಷ್ಟವುಂಟು. ಗಾಯ ಮಾಯುವುದಕ್ಕೂ ಎಲುಬು ಬಲಿಯುವುದಕ್ಕೂ ಬೇಕಾದ ಸಿ ಜೀವಸತ್ತ್ವವು ತೇವವಾದ ಆಹಾರದಲ್ಲಿ ಬೇಗನೆ ನಾಶವಾಗುವುದು. ಸಾಕುವ ಮೀನುಗಳಲ್ಲಿ ಬಹುಪಾಲು ಇದನ್ನು ತಮ್ಮ ಮೈಯಲ್ಲಿ ತಾವೇ ತಯಾರಿಸಿಕೊಳ್ಳಲಾರವು. ಬೆನ್ನುಮೂಳೆ ಡೊಂಕಾದ ಮೀನು ಹೊಂಡದಲ್ಲಿ ಹೆಚ್ಚಾಗಿ ಸಿಕ್ಕರೆ ಈ ಕೊರತೆಯನ್ನು ಸಂದೇಹಿಸಬೇಕು. ತೌಡಿನ ಎಣ್ಣೆಯು ತೇವ ತಗುಲಿದರೆ ಬೇಗನೆ ಕಮಟಾಗುವುದು. ಭತ್ತ ಹೆಚ್ಚಾಗಿ ಬೆಳೆಯದ ನಮ್ಮ ತಾಲ್ಲೂಕುಗಳಿಗೆ ತೌಡು ಹೊರಗಿನಿಂದ ಬರಬೇಕಾದುದರಿಂದ ಅದು ಗಿರಣಿಯಿಂದ ಹೊರಟು ಎಷ್ಟು ದಿನವಾಯಿತೆಂದು ಕೇಳಿಯೇ ಕೊಳ್ಳಬೇಕು. ಎಣ್ಣೆ ತೆಗೆದ ತೌಡು ಹೆಚ್ಚು ದಿನ ತಾಳುವುದು. ರೇಷ್ಮೆ ಹುಳದ ಕೋಶವನ್ನು ಮೀನಿಗೆ ತಿನ್ನಿಸುತ್ತಿದ್ದ ಜಪಾನಿನಲ್ಲಿ, ಎಣ್ಣೆ ಕಮಟಾದ ಹಳೆಯ ಕೋಶಗಳನ್ನು ತಿಂದ ಗೆಂಡೆಗಳ ಬೆನ್ನಿನ ಮಾಂಸವೇ ಕರಗಿ ಹೋಗುವ ರೋಗವನ್ನು ಕಂಡಿದ್ದಾರೆ. ಅಲ್ಲಿ ಅದಕ್ಕೆ ಸೆಕೋಕೆ ಎಂದು ಹೆಸರು. ಕರ್ನಾಟಕದಲ್ಲಿಯೂ ಕೋಶದ ಪುಡಿ ಸುಲಭವಾಗಿ ಸಿಕ್ಕುವುದರಿಂದ ಇದನ್ನು ನೆನಪಿನಲ್ಲಿಡಬೇಕು.

ನೆನೆಸಿ ಕೊಡುವ ವಿಚಾರ

ಹಾಗಾದರೆ ಹಿಂಡಿಯನ್ನು ನೆನೆಸುವುದೇ ತಪ್ಪೇ ಎಂದು ಕೇಳಬಹುದು. ಇಲ್ಲ. ಹಿಂಡಿ ತೌಡುಗಳ ಒಣ ಪುಡಿಯನ್ನು ಹಾಗೆಯೇ ಎರಚಿದರೆ ಅರ್ಧ ಗಾಳಿಗೆ ಹೋಗಿ ಅರ್ಧ ನೀರಿನಲ್ಲಿ ಕದಡಿ ಹೋಗುವುದು. ಉಂಡೆ ಮಾಡಿ ಹಾಕಿದರೆ ಮೀನಿನ ಬಾಯಿಗೆ ಸಿಕ್ಕುವುದು. ಮೆತ್ತಗಿರುವುದರಿಂದ ಸಣ್ಣ ಮರಿಗಳು ಇಷ್ಟಪಟ್ಟು ತಿನ್ನುವುದೂ ಉಂಟು. ಒಣ ತೂಕವನ್ನು ಸರಿದೂಗಿಸಿ, ಎರಡೂ ಕೆಡದೆ ಇದ್ದರೆ, ನೆನೆದ ಆಹಾರಕ್ಕೂ ಒಣ ಆಹಾರಕ್ಕೂ ಬೆಳವಣಿಗೆಯಲ್ಲಿ ಸಾಮಾನ್ಯವಾಗಿ ದೊಡ್ಡ ಅಂತರವಿರುವುದಿಲ್ಲ. ಮೀನಿಗೆ ತಿನಿಸು ಹಾಕುವ ವಿದ್ಯೆ ನಮ್ಮ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೀನಿನ ಜಾತಿಗಳೂ ಅವುಗಳಿಗೆ ಹಾಕುವ ಆಹಾರಗಳೂ ಹೇಳಲ್ಪಟ್ಟಿವೆ.

ಉಂಡೆ ಕಟ್ಟುವಲ್ಲಿ ರೊಟ್ಟಿಯ ಕ್ರಮವನ್ನೇ ಅನುಸರಿಸಬೇಕು. ಜೋಳದ ಹಿಟ್ಟಿಗೆ ಗೋದಿಯ ಜಿಗಿ ಇಲ್ಲದಿರುವುದರಿಂದ ನಮ್ಮ ಹೆಣ್ಣುಮಕ್ಕಳು ಕುದಿಯುವ ಎಸರನ್ನು ಹಾಕಿ ನಾದುವರು. ಬೆಂದ ಹಿಟ್ಟು ಅಂಟಾಗಿ ಹಿಡಿಯುವುದು. ಮೀನಿನ ಉಂಡೆಗೂ ಜೋಳ ಇಲ್ಲವೆ ಗೋವಿನಜೋಳದ ಹಿಟ್ಟನ್ನು ಹತ್ತರಲ್ಲೊಂದು ಪಾಲು ಸೇರಿಸಿ ಬಿಸಿ ಎಸರಿನಲ್ಲಿ ನಾದಿದರೆ ಅದು ನೀರಿನಲ್ಲಿ ಬೇಗ ಒಡೆಯುವುದಿಲ್ಲ. ಆಂಧ್ರದ ಕೊಲ್ಲೇರು ಸೀಮೆಯಲ್ಲಿ ತೌಡು ಹಿಂಡಿಗಳನ್ನು ತೂತು ಮಾಡಿದ ಚೀಲಗಳಲ್ಲಿ ತುಂಬಿ ಬಿದಿರಿನ ಗಳಕ್ಕೆ ಕಟ್ಟಿ ನೀರಿನಲ್ಲಿ ತೂಗುಬಿಡುವರು. ಮೀನುಗಳು ತೂತಿಗೆ ಬಾಯಿಟ್ಟು ತಿನ್ನುವುವು. ಎಷ್ಟು ಉಳಿಯಿತೆಂದು ಎತ್ತಿ ನೋಡುವುದಕ್ಕೆ ಬರುವುದರಿಂದ ಇದು ಒಳ್ಳೆಯ ಪದ್ಧತಿ. ಗೆಂಡೆ ಜಾತಿಯ ಮೀನುಗಳಿಗೆ ಜಠರದ ಚೀಲವಿಲ್ಲ. ಒಮ್ಮೆಗೆ ಬಹಳ ತಿಂದು ಇಟ್ಟುಕೊಳ್ಳಲಾರವು. ದಿನದ ಆಹಾರವನ್ನು ಎರಡು ಮೂರು ಸಾರಿ ಹಂಚಿ ಹಾಕುವುದು ಲೇಸು. ಎರಡು ಗಂಟೆಯ ಮೇಲೂ ಉಳಿದರೆ ಮರುದಿನ ಕಡಿಮೆ ಮಾಡತಕ್ಕದ್ದು. ಮೋಡ ಮುಸುಕಿದ ದಿನ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುವುದರಿಂದ ಅಂದೂ ಕಡಿಮೆಯೇ ಹಾಕಬೇಕು.

ಸಂಜೆ ಹಿಂಡಿಯನ್ನು ನೆನೆಯಿಟ್ಟು ಬೆಳಿಗ್ಗೆ ಹಾಕುವ ರೂಢಿಯಲ್ಲಿ ದೋಷವಿಲ್ಲ. ಉಳಿದ ಮುದ್ದೆಯನ್ನು ನಾಳಿನದಕ್ಕೆ ಸೇರಿಸುವ ರೂಢಿಯಲ್ಲಿ ದೋಷವಿದೆ. ಹಳೆಯ ಹುಳಿ ಹೊಸದನ್ನು ಕೆಡಿಸುವುದೆಂಬುದು ದೋಸೆಯ ಹಿಟ್ಟಿಗೆ ಒಳ್ಳೆಯದಾದರೂ ಮೀನಿನ ಹಿಟ್ಟಿಗೆ ಅಲ್ಲ. ನೆನೆಸಿದುದು ಅಂದೇ ಮುಗಿಯಬೇಕು, ಪಾತ್ರೆಯನ್ನು ತೊಳೆದು ಬಿಸಿಲಿಗಿಡಬೇಕು.

ಹಸಿ ಮಾಂಸ, ಮೀನಿನ ಕರುಳುಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವು ಇನ್ನೂ ಕಠಿಣವಾಗಿದೆ. ಅಮೇರಿಕದ ಆರಿಗನ್ ಪ್ರಾಂತದ ಸಾಲ್ಮನ್ ಮರಿ ಕೇಂದ್ರಗಳಲ್ಲಿ ಹಿಂದೆ ಹಸಿ ಮೀನಿನ ಕರುಳುಗಳನ್ನು ತಿನ್ನಿಸುತ್ತಿದ್ದರು. ಅದರಿಂದ ಕ್ಷಯದ ಜಾತಿಯ ರೋಗವು ಮರಿಗಳಿಗೆ ಅಂಟುತ್ತಿತ್ತು. 1950ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಮೀನನ್ನು ಕಾಯಿಸಿ ಕ್ರಿಮಿಗಳನ್ನು ಕೊಂದು, ಮೂರರಲ್ಲೊಂದು ಪಾಲು ನೀರಿರುವ ಮೆದು ಗುಳಿಗೆಗಳನ್ನು ತಯಾರಿಸಿ, ಹೆಪ್ಪುಗಟ್ಟಿಸಿ ಇಡುವ ಪದ್ಧತಿ ಬಂದಿತು. ತೇವವಾದ ಆಹಾರವನ್ನು ಕೆಡದಂತೆ ಇಡುವುದಕ್ಕೆ ಹೆಪ್ಪುಗಟ್ಟಿಸುವ ಯಂತ್ರವೇ ಬೇಕಾಯಿತೆಂಬುದನ್ನು ಗಮನಿಸಿರಿ. ಹೊಲದ ಗುಡಿಸಲಿನಲ್ಲಿ ಅದು ಆಗದ ಮಾತು. ಕೋಳಿಯಂಗಡಿಯ ಕಸವನ್ನು ಹೊಂಡಕ್ಕೆ ಸುರಿಯುವುದನ್ನು ಬಿಟ್ಟೇ ಬಿಡಬೇಕು.

ಕೊಳ್ಳುವುದು, ಪರೀಕ್ಷಿಸುವುದು, ಇಡುವುದು

ಪ್ರಯೋಗಶಾಲೆಯಲ್ಲಿ ತೇವವನ್ನು ಅಳೆಯುವ ರೀತಿ ಸರಳವಾದುದು. ಪುಡಿ ಮಾಡಿದ ಆಹಾರವನ್ನು ನೂರು ಗ್ರಾಂ ತೂಗಿ 105 ಡಿಗ್ರಿ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದರೆ, ಎಷ್ಟು ಗ್ರಾಂ ಇಳಿಯಿತೋ ಅಷ್ಟೇ ಪಾಲು ತೇವ. ಮನೆಯಲ್ಲಿ ಉಪ್ಪಿನ ಪರೀಕ್ಷೆಯನ್ನು ಮಾಡಬಹುದು. ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಆಹಾರವನ್ನೂ ಎರಡು ಚಮಚೆ ಒಣ ಪುಡಿ ಉಪ್ಪನ್ನೂ ಹಾಕಿ, ಮುಚ್ಚಿ, ಕೆಲವು ನಿಮಿಷ ಕುಲುಕಿ ಕಾಲು ಗಂಟೆ ಬಿಡಬೇಕು. ಉಪ್ಪು ಸೀಸೆಯ ಮೈಗೆ ಅಂಟಿಕೊಂಡರೆ ತೇವವು ಹದಿನೈದು ಪಾಲಿಗಿಂತ ಹೆಚ್ಚಾಗಿದೆ, ಕೊಳ್ಳಬಾರದು. ಅಂಟದಿದ್ದರೆ ಹದಿನೈದಕ್ಕಿಂತ ಕಡಿಮೆಯೆಂದು ಮಾತ್ರ ತಿಳಿಯುವುದು, ಹನ್ನೆರಡಕ್ಕಿಂತ ಕಡಿಮೆಯೆಂದು ತಿಳಿಯುವುದಿಲ್ಲ. ಆದುದರಿಂದ ಈ ಪರೀಕ್ಷೆಯಿಂದ ಕೆಟ್ಟದನ್ನು ತಿರಸ್ಕರಿಸಬಹುದೇ ಹೊರತು ಒಳ್ಳೆಯದೆಂದು ಮುದ್ರೆಯೊತ್ತಲಾಗದು. ಹಿಂಡಿಯ ಬಿಲ್ಲೆಯನ್ನು ಮುರಿದು ನೋಡುವುದೂ ಉಪಯೋಗಕರ. ಒಣಗಿದ್ದು ಸದ್ದು ಮಾಡಿ ಮುರಿಯುವುದು, ಹಸಿಯದು ಬಾಗಿ ಹರಿಯುವುದು. ಮುರಿದ ಒಳಮೈಯನ್ನು ಮೂಸಿ ನೋಡತಕ್ಕದ್ದು.

ಚೀಲಗಳನ್ನು ನೆಲದಿಂದ ಒಂದು ಗೇಣು ಎತ್ತರದ ಹಲಗೆಗಳ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಇಡಬೇಕು. ಮೇಲ್ಮುದ್ದೆಯ ಮನೆಯಾದರೆ ಮಾಳಿಗೆ ಸೋರುವ ಕಡೆಯನ್ನು ಮೊದಲೇ ನೋಡಿಕೊಳ್ಳಬೇಕು. ಗೊಬ್ಬರ, ಕೀಟನಾಶಕ ಔಷಧಗಳನ್ನು ಅದೇ ಕೋಣೆಯಲ್ಲಿ ಇಡಲೇಬಾರದು. ಮಳೆಗಾಲದಲ್ಲಿ ಒಂದು ತಿಂಗಳಿಗಾಗುವಷ್ಟನ್ನು ಮಾತ್ರ ಕೊಳ್ಳುವುದು ಒಳ್ಳೆಯದು. ಸುಗ್ಗಿಯಲ್ಲಿ ಅಗ್ಗವೆಂದು ಆರು ತಿಂಗಳಿನದನ್ನು ಕೊಂಡವರು ಆ ಅಗ್ಗವನ್ನು ಬೂಷ್ಟಿಗೆ ಕೊಟ್ಟಿರುವುದನ್ನು ಅನೇಕ ಕಡೆಗಳಲ್ಲಿ ನೋಡಿದ್ದೇವೆ. ಹೊಂಡದ ದಂಡೆಯ ಮೇಲೆ ತಾಡಪತ್ರಿ ಮುಚ್ಚಿ ಚೀಲವನ್ನು ಬಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ತಾಡಪತ್ರಿಯು ಮಳೆಯನ್ನು ತಡೆಯುವುದು ನಿಜ. ಆದರೆ ಬೆಳಗಾಗುವಷ್ಟರಲ್ಲಿ ಅದರ ಒಳಮಗ್ಗುಲಿನಿಂದ ನೀರು ತೊಟ್ಟಿಕ್ಕುವುದನ್ನು ಕೈಯಿಟ್ಟು ನೋಡಬಹುದು. ಮನೆಯಲ್ಲಿ ತಯಾರಿಸಿದ ಗುಳಿಗೆಗಳನ್ನು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಪೂರ್ಣವಾಗಿ ಆರಿದ ಮೇಲೆಯೇ ಚೀಲಕ್ಕೆ ತುಂಬಬೇಕು.

ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಝಾಡಿಸಿ ಉಪಯೋಗಿಸುವವರಿದ್ದಾರೆ. ಬಿಸಿಲಿನಿಂದ ತೇವ ಹೋಗುವುದು, ಝಾಡಿಸುವುದರಿಂದ ಹಸಿರು ಪುಡಿ ಹೋಗುವುದು, ಅಫ್ಲಾಟಾಕ್ಸಿನ್ ಹೋಗುವುದಿಲ್ಲ. ಕುದಿಸಿದರೂ ಅದು ಅಳಿಯುವುದಿಲ್ಲ. ಮೀನಿಗೆ ಬೇಡವಾದ ಅಂಥ ಹಿಂಡಿಯನ್ನು ಎಮ್ಮೆಗೆ ಹಾಕಿದರಾಯಿತೆಂಬ ಯೋಚನೆಯು ಇನ್ನೂ ಅಪಾಯಕರ. ಎಮ್ಮೆ ಆಕಳುಗಳು ತಿಂದ ಈ ವಿಷದ ಒಂದು ಭಾಗವು ರೂಪ ಬದಲಾಯಿಸಿ ಹಾಲಿನಲ್ಲಿ ಇಳಿಯುವುದು. ಆ ಹಾಲನ್ನು ಕುಡಿಯುವವರು ಮನೆಯ ಮಕ್ಕಳು. ಕೋಳಿಗಳಿಗೂ ಅದನ್ನು ಹಾಕಬಾರದು. ಮುಗ್ಗಿದ ಚೀಲವನ್ನು ಗೊಬ್ಬರದ ತಿಪ್ಪೆಯಲ್ಲಿ ಆಳವಾಗಿ ಹೂಳಿ, ಅದು ಇದ್ದ ಹಲಗೆಯನ್ನು ಕೆರೆದು ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ಮಾತ್ರ ಹೊಸ ಚೀಲವನ್ನು ಅದರ ಮೇಲಿಡತಕ್ಕದ್ದು. ಹಾಗೆ ಹೂಳುವಾಗ ಮೂಗು ಬಾಯಿಗಳಿಗೆ ಬಟ್ಟೆಯನ್ನು ಕಟ್ಟಿಕೊಳ್ಳಬೇಕು.